ಮೂಲೆಗೆ ಅರಿಶಿನ ಹಚ್ಚಿದ ‘ಗೆಟ್’

ಮೊನ್ನೆ ನಮ್ಮ ಮನೆಗೆ ಬಣ್ಣ ಹೊಡೆಯಲು ಬಂದ ಕುಂಬಾರಕೊಪ್ಪಲಿನ ನಂಜುಂಡ ನಡುಮನೆಯ ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡ. ಅಲ್ಲೊಂದು ಮೊಳೆ, ಮೊಳೆಗೆ ನೇತುಬಿದ್ದ ತಂತಿ, ತಂತಿಯ ತುಂಬ ಚುಚ್ಚಿದ ಚೀಟಿಗಳು.

“ಅಮ್ಮಾವ್ರೇ, ಈ ತಂತಿ ತೆಗ್ದು ಎಸ್ದ್‌ಬುಡ್ಲಾ? ಎಲ್ಲಾ ಹಳೇ ರಟ್ಟು ಕಣ್ರೀ, ಜಿರಳೆ ಸೇರ್ಕತವೆ,” ಅಂದ.

“ಅದಕ್ಕೆ ಕೈ ಹಚ್ಚಿದ್ರೆ ನೋಡು ಮತ್ತೆ,” ಅಂದೆ.

ಪಾಪ, ಅವನು ಬ್ರಶ್ಶು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಐದು ನಿಮಿಷದ ಹಿಂದೆ ಹಳೇ ಟಿವಿಯನ್ನು ಬೇಕಾದರೆ ತೆಗೆದುಕೊಂಡು ಹೋಗು ಎಂದಿದ್ದ ಹೆಂಗಸು ರಟ್ಟಿನ ಚೂರುಗಳಿಗಾಗಿ ಹೀಗೆ ಮೈಮೇಲೆ ಬಂದರೆ ಯಾರಿಗಾದರೂ ಗಾಬರಿಯೇ. ನಾನೇ ಹೋಗಿ ತಂತಿಯನ್ನು ಇಳಿಸಿಕೊಂಡು ಊಟದ ಮೇಜಿನ ಮೇಲೆ ಇಟ್ಟೆ. ಇಟ್ಟವಳು ಎದ್ದೇಳಲಿಲ್ಲ. ಬಣ್ಣದವರು ಬಂದ ದಿನ ಮನೆಯ ಯಜಮಾನತಿ ಹೀಗೆ ಕೂತುಬಿಟ್ಟರೆ ಕೆಲಸ ಎಷ್ಟು ಸಾಗುತ್ತದೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ನನಗೆ ಜಂಬ ಜಾಸ್ತಿ ಅಂತ ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಒಂದು ಮಾತಿದೆ. ಸುಳ್ಳೇನಲ್ಲ. ಆದರೆ ಜಂಬ ಯಾತಕ್ಕೆ ಎನ್ನುವುದನ್ನು ಜನ ತಪ್ಪು ತಿಳಿದಿದ್ದಾರೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ್ದಕ್ಕೆ ಅಂದುಕೊಂಡಿದ್ದಾರೆ. ಅಲ್ಲ. ನನ್ನ ಜಂಬವೆಲ್ಲ ಈ ತಂತಿಯಲ್ಲಿದೆ.

ಈಗಿನವರು ಇಂಥ ತಂತಿಯನ್ನು ನೋಡಿರಲಿಕ್ಕಿಲ್ಲ. ಬುಡದಲ್ಲಿ ದುಂಡನೆಯ ಮರದ ಬಿಲ್ಲೆ, ಅದರಿಂದ ಎದ್ದ ಉದ್ದನೆಯ ತಂತಿ, ತುದಿಯಲ್ಲಿ ಕೊಕ್ಕೆ. ಮನೆಗೆ ಬಂದ ಕಾಗದಪತ್ರವನ್ನೆಲ್ಲ ಅದಕ್ಕೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಎಲ್ಲಕ್ಕಿಂತ ಹಳೆಯದು ಎಲ್ಲಕ್ಕಿಂತ ಕೆಳಗೆ. ನಮ್ಮ ಅಪ್ಪ ಅರಮನೆ ಕಚೇರಿಯ ದಫ್ತರದಲ್ಲಿ ಕಾಗದ ಜೋಡಿಸುವ ಕೆಲಸದಲ್ಲಿದ್ದವರು. ಅಲ್ಲಿನ ಶಿಸ್ತೇ ಮನೆಯಲ್ಲೂ. ಹಾಲಿನವನ ಚೀಟಿ ಕಾಣಿಸದಿದ್ದರೆ ಅಂದು ನಮಗೆ ತಿಂಡಿ ತಡ.

ಇನ್ನು ಚೀಟಿಗಳ ಕಥೆ. ಮದುವೆ ಪತ್ರಿಕೆಯನ್ನು ಕಸಕ್ಕೆ ಹಾಕಬಾರದು ಎನ್ನುವುದು ನಮ್ಮ ಮನೆಯ ಕಾನೂನು. ಮೇಲೆ ಗಣಪತಿ ಇರುತ್ತಾನೆ, ಮನೆದೇವರ ಹೆಸರಿರುತ್ತದೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೈಗೆ ಕೊಟ್ಟಿರುತ್ತಾರೆ. ಅಂಥದ್ದನ್ನು ಎಸೆಯುವುದು ಹೇಗೆ? ಅದಕ್ಕೆ ಅಪ್ಪ ಗಣಪತಿ ಇರುವ ಮೇಲಿನ ಪಟ್ಟಿಯನ್ನು ನೀಟಾಗಿ ಕತ್ತರಿಸಿ ದೇವರ ಮನೆಯ ಡಬ್ಬಿಗೆ ಹಾಕುತ್ತಿದ್ದರು. ಉಳಿದ ಭಾಗವನ್ನು ಎಂಟು ತುಂಡು ಮಾಡಿದರೆ ಖಾಲಿ ಬೆನ್ನಿನ ಎಂಟು ಗಟ್ಟಿ ಚೀಟಿ. ಅದರಲ್ಲಿ ಕೆಳಗಿನ ಎರಡು ಮೂಲೆಯ ಚೀಟಿಗಳಿಗೆ ಮಾತ್ರ ಅರಿಶಿನ ಉಳಿದಿರುತ್ತದೆ, ಮಿಕ್ಕ ಆರು ಬಿಳಿ. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಜೀವ ತೆಗೆದದ್ದು ಇದೇ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಪಿಯುಸಿಗೆ ಹೋದರೆ ಎಲ್ಲವೂ ಇಂಗ್ಲಿಷು. ಮೇಷ್ಟ್ರು ನಕ್ಕಾಗ ನಾನೂ ನಗುತ್ತಿದ್ದೆ, ಅವರು ತಲೆಯಾಡಿಸಿದಾಗ ನಾನೂ ಆಡಿಸುತ್ತಿದ್ದೆ. ಹಾಗೆ ಎರಡು ವರ್ಷ ಕಳೆದೆ. ರಿಸಲ್ಟ್ ಬಂದ ದಿನ ನನಗೆ ಜ್ವರ ಎಂದು ಅಪ್ಪನೇ ಕಾಲೇಜಿಗೆ ಹೋದರು. ಜ್ವರ ಅಂದೆನಲ್ಲ, ಅದೂ ಅಷ್ಟಕ್ಕಷ್ಟೇ. ವರಾಂಡದಲ್ಲಿ ಸಿಕ್ಕ ಇಂಗ್ಲಿಷ್ ಲೆಕ್ಚರರು ಅಪ್ಪನಿಗೆ ಒಂದೇ ವಾಕ್ಯ ಹೇಳಿದರಂತೆ: “ಯುವರ್ ಡಾಟರ್ ಡಿಡ್ ನಾಟ್ ಗೆಟ್ ತ್ರೂ.” ಅಪ್ಪ ಕೈ ಮುಗಿದು “ಬಹಳ ಉಪಕಾರ ಸಾರ್” ಎಂದು ಹೇಳಿ ಮನೆಗೆ ಬಂದರು. ಬಂದವರು ಪೇಟ ತೆಗೆದು ಗೂಟಕ್ಕೆ ಹಾಕಿ, ನನ್ನನ್ನು ಕರೆದು ಕೇಳಿದರು.

“ಗೆಟ್ ತ್ರೂ ಅಂದ್ರೆ ಏನವ್ವ?”

ನನಗೂ ಗೊತ್ತಿರಲಿಲ್ಲ. ಎದುರುಮನೆಯಿಂದ ಡಿಕ್ಷನರಿ ಎರವಲು ತಂದು ಹುಡುಕಲು ಕೂತೆ. ಆ ‘ಗೆಟ್’ ಎನ್ನುವ ಮೂರಕ್ಷರದ ಪದ ಪುಟದಿಂದ ಪುಟಕ್ಕೆ ಹರಿದಿತ್ತು. ಪಡೆ, ತಲುಪು, ತರು, ಆಗು, ಅರ್ಥ ಮಾಡಿಕೋ, ಏಳು, ಇಳಿ, ಹತ್ತು, ಬೇರೆಯವರ ಕೈಲಿ ಮಾಡಿಸು... ಮೂರನೆಯ ಪುಟದಲ್ಲಿ ನಮ್ಮ ‘ಗೆಟ್ ತ್ರೂ’ ಸಿಕ್ಕಿತು. ನಾನು ಇಂಗ್ಲಿಷಿನಲ್ಲಿ ನಪಾಸಾದ ಸುದ್ದಿಯನ್ನು ನಾನೇ ನಿಘಂಟಿನಲ್ಲಿ ಹುಡುಕಿ ಅಪ್ಪನಿಗೆ ಓದಿ ಹೇಳಿದೆ. ಇಂಥ ಭಾಗ್ಯ ಇನ್ನಾರಿಗೂ ಸಿಕ್ಕಿರಲಿಕ್ಕಿಲ್ಲ.

ಅಪ್ಪ ಬೈಯಲಿಲ್ಲ. ಅಕ್ಕನ ಮದುವೆಯಲ್ಲಿ ಹಂಚಿ ಮಿಕ್ಕಿದ್ದ ಪತ್ರಿಕೆಯೊಂದನ್ನು ತಂದು ಕತ್ತರಿಸಿ, ಒಂದು ಚೀಟಿಯನ್ನೂ ಒಂದು ಖಾಲಿ ತಂತಿಯನ್ನೂ ನನ್ನ ಮುಂದಿಟ್ಟರು. “ಬರ್ಕೋ. ಈ ಪದ ಎಲ್ಲೆಲ್ಲಿ ಸಿಗುತ್ತೋ ಅಲ್ಲೆಲ್ಲ ಒಂದೊಂದು ಚೀಟಿ ಬರ್ದು ಚುಚ್ಚು. ದಫ್ತರಕ್ಕೆ ಸೇರಿದ್ದು ಕಳ್ದುಹೋಗಲ್ಲ.” ನಾನು ಅಳುತ್ತಲೇ ಬರೆದೆ: ಐ ಡಿಡ್ ನಾಟ್ ಗೆಟ್ ತ್ರೂ. ಅದೇ ತಂತಿಯ ಬುಡದ ಚೀಟಿ. ಯಾರಿಗೂ ಕೊಡದೆ ಮಿಕ್ಕಿದ್ದ ಪತ್ರಿಕೆಯಾದ್ದರಿಂದ ಅದಕ್ಕೆ ಅರಿಶಿನ ಸೋಕಿರಲೇ ಇಲ್ಲ.

ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಹೇಗೋ ದಡ ಹತ್ತಿದೆ. ಆದರೆ ಚೀಟಿಯ ಚಟ ಬಿಡಲಿಲ್ಲ. ಕಡಲೆಕಾಯಿ ಕಟ್ಟಿಕೊಟ್ಟ ಇಂಗ್ಲಿಷ್ ಪೇಪರಿನಲ್ಲಿ, ರೈಲಿನ ಬಾಗಿಲಿನ ಪಕ್ಕ, ಔಷಧಿಯ ಡಬ್ಬಿಯಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ, ಎಲ್ಲಿ ‘ಗೆಟ್’ ಕಂಡರೂ ಬರೆದುಕೊಂಡು ಬಂದು ಕೆಳಗೆ ಕನ್ನಡ ಅರ್ಥ ಬರೆದು ಚುಚ್ಚುವುದು. ಮದುವೆಯಾಗಿ ಬರುವಾಗ ಹುಡುಗಿಯರು ತವರಿನಿಂದ ಬೆಳ್ಳಿ ದೀಪ ತಂದರೆ ನಾನು ಈ ತಂತಿಯನ್ನೂ ತಂದೆ. ನಮ್ಮ ಮನೆಯವರು ಕಡಕೊಳದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಇದನ್ನು ನೋಡಿದ ಮೊದಲ ದಿನವೇ, “ಒಂದೇ ಐಟಮ್ಮು, ಇಷ್ಟೊಂದು ಸ್ಟಾಕು ಯಾಕೆ?” ಅಂದರು. ಆದರೆ ಬುಡದ ಚೀಟಿ ಯಾರದ್ದೆಂದು ಅವರಿಗೂ ಹೇಳಿರಲಿಲ್ಲ. ಯಾರೋ ಕ್ಲಾಸ್‌ಮೇಟ್ ಅಂದಿದ್ದೆ. ಟೀಚರ್ ಆದವಳು ನಪಾಸಾಗಿದ್ದಳು ಅಂದರೆ ಮರ್ಯಾದೆ ಏನಾಗಬೇಕು?

ನಾನು ರಿಟೈರ್ ಆದ ಮೇಲೆ ನಮ್ಮ ಮಹಡಿಯ ಮನೆಗೆ ಅಫಿ ಬಾಡಿಗೆಗೆ ಬಂದಳು. ಆಫ್ರಿಕಾದ ಪಶ್ಚಿಮದಲ್ಲಿ ಟೋಗೊ ಅಂತ ಒಂದು ದೇಶ. ಭೂಪಟದಲ್ಲಿ ಬೀರುವಿನ ಸಂದಿಯಲ್ಲಿ ನಿಲ್ಲಿಸಿದ ಪೊರಕೆಯ ಹಾಗೆ ನೆಟ್ಟಗೆ ನಿಂತಿದೆ. ಇಷ್ಟು ವರ್ಷ ಭೂಗೋಳ ಹೇಳಿದ ನನಗೂ ಬೆರಳಿಟ್ಟು ಹುಡುಕಬೇಕಾಯಿತು. ಅಲ್ಲಿ ಶಾಲೆಯೆಲ್ಲ ಫ್ರೆಂಚಿನಲ್ಲಿ. ಹುಡುಗಿ ಮಣ್ಣಿನ ಬಗ್ಗೆ ಎಂ.ಎಸ್ಸಿ. ಓದಲು ಮೈಸೂರಿಗೆ ಬಂದಿದ್ದಳು. ಶುಕ್ರವಾರ ಹುಟ್ಟಿದ ಹೆಣ್ಣುಮಕ್ಕಳಿಗೆ ಅವರ ಕಡೆ ಅಫಿ ಅಂತ ಹೆಸರಿಡುತ್ತಾರಂತೆ. “ಶುಕ್ರವಾರ ಮನೆಗೆ ಬಂದ ಲಕ್ಷ್ಮಿ ಹಂಗಾದ್ರೆ,” ಎಂದರು ನಮ್ಮ ಮನೆಯವರು. ಪಕ್ಕದ ಮನೆಯವರು ಮಾತ್ರ “ಪರದೇಶದೋರು, ಯೋಚ್ನೆ ಮಾಡಿ ಕೊಡಿ” ಎಂದು ಕಾಂಪೌಂಡಿನ ಮೇಲಿಂದ ಬುದ್ಧಿ ಹೇಳಿದರು. ಯೋಚನೆ ಮಾಡಿಯೇ ಕೊಟ್ಟೆ ಎಂದೆ. ಆಮೇಲೆ ಅವರ ಮನೆಯ ಗುಲಾಬಿ ಗಿಡಕ್ಕೆ ಹುಳ ಹತ್ತಿದಾಗ ಮಣ್ಣು ನೋಡಿ ಮದ್ದು ಹೇಳಿದವಳು ಇದೇ ಅಫಿ. ಆಗ ನಾನು ಕಾಂಪೌಂಡಿನ ಹತ್ತಿರ ಎರಡು ಸಲ ಓಡಾಡಿದೆ ಅಷ್ಟೆ.

ಎಂ.ಎಸ್ಸಿ. ಪಾಠ ಶುರುವಾಗುವ ಮೊದಲು ಅವಳು ಆರು ತಿಂಗಳು ಇಂಗ್ಲಿಷ್ ಕಲಿತು ಪರೀಕ್ಷೆ ಪಾಸಾಗಬೇಕಿತ್ತು. ಎರಡೇ ಅವಕಾಶ. ಆಗದಿದ್ದರೆ ವಿದ್ಯಾರ್ಥಿವೇತನ ನಿಂತು, ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು. ಮೊದಲ ಸಲ ಅವಳು ಪಾಸಾಗಲಿಲ್ಲ. ಆ ಸಂಜೆ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದಳು. ನಾನು ಕಾಫಿ ತೆಗೆದುಕೊಂಡು ಹೋದೆ. ನಮ್ಮಿಬ್ಬರದು ಅರ್ಧ ಹರಕು ಇಂಗ್ಲಿಷು, ಅರ್ಧ ಅವಳ ಅರೆಬರೆ ಕನ್ನಡ. ಅದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಅಮ್ಮಾ, ಈ ಗೆಟ್ ನನ್ನನ್ನ ಕೊಲ್ಲುತ್ತೆ,” ಅಂದಳು. “ಕಾಗದ ಬಂದರೆ ನಾವು ‘ರಸವ್ವಾರ್’ ಅಂತೀವಿ. ಅರ್ಥ ಆದರೆ ‘ಕೊಂಪ್ರಾಂದ್ರ್’. ದಣಿದರೆ ಬೇರೆ, ಎದ್ದರೆ ಬೇರೆ. ಒಂದೊಂದಕ್ಕೆ ಒಂದೊಂದು ಇದೆ. ಇವರು ಎಲ್ಲಕ್ಕೂ ಗೆಟ್ ಅಂತಾರೆ. ಸೋಮಾರಿಗಳು.”

ನನಗೆ ನಗು ತಡೆಯಲಾಗಲಿಲ್ಲ. “ನಮ್ಮ ಬೀದಿ ತರಕಾರಿಯವನಿಗೆ ನೀನು ಏನಂತೀಯ?” ಎಂದೆ.

“ಅರ್ಧ ಕೆಜಿ ಹಾಕಿ.”

“ಬಾಗಿಲಿಗೆ?”

“ಬಾಗಿಲು ಹಾಕಿ.” ಅವಳೇ ಮುಂದುವರಿಸಿದಳು. “ರಂಗೋಲಿ ಹಾಕಿ. ಚಿಲ್ಕ ಹಾಕಿ. ಇನ್ನೊಂದು ಸೌಟು ಸಾರು ಹಾಕಿ.”

“ಆರು ತಿಂಗಳಲ್ಲಿ ನಮ್ಮ ‘ಹಾಕು’ ಬಂದವಳಿಗೆ ಅವರ ‘ಗೆಟ್’ ಯಾವ ಲೆಕ್ಕ?” ಎಂದೆ. ಆದರೆ ಮುಖ ಅರಳಲಿಲ್ಲ. ನಪಾಸಾದವರಿಗೆ ಬುದ್ಧಿಮಾತು ಹತ್ತುವುದಿಲ್ಲ, ನನಗದು ಚೆನ್ನಾಗಿ ಗೊತ್ತು. ಒಳಗೆ ಹೋಗಿ ತಂತಿ ತಂದು ಅವಳ ತೊಡೆಯ ಮೇಲಿಟ್ಟೆ. ಬುಡದ ಚೀಟಿಯನ್ನು ತೋರಿಸಿದೆ.

“ಯಾರು ಇದು?” ಎಂದಳು.

“ನಾನೇ,” ಎಂದೆ. ನಲವತ್ತಕ್ಕೂ ಹೆಚ್ಚು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. ಹಿಂದೆ ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದುದು ನನಗೆ ಗೊತ್ತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, “ಪರವಾಗಿಲ್ಲ ಬುಡು, ದಾರಿ ತಪ್ಪಿದೋರಿಗೇ ದಾರಿ ಗೊತ್ತಿರೋದು,” ಎಂದು ಒಳಗೆ ಹೋದರು. ಆಮೇಲೆ ಒಂದು ದಿನವೂ ಆ ಮಾತೆತ್ತಿ ಛೇಡಿಸಲಿಲ್ಲ. ಅವರ ಸ್ವಭಾವಕ್ಕೆ ಅದು ದೊಡ್ಡ ತ್ಯಾಗ.

ಎರಡನೆಯ ಪರೀಕ್ಷೆಗೆ ಏಳು ವಾರ ಇತ್ತು. ದಿನಾ ಸಂಜೆ ವರಾಂಡದಲ್ಲಿ ಕೂತು ಮೇಲಿನಿಂದ ಒಂದೊಂದೇ ಚೀಟಿ ತೆಗೆಯುವುದು. ನಾನು ಇಂಗ್ಲಿಷ್ ವಾಕ್ಯ ಓದಿ ಕನ್ನಡದಲ್ಲಿ ಹೇಳುವುದು, ಅಭಿನಯಿಸಿ ತೋರಿಸುವುದು, ಅವಳು ಯೋಚಿಸಿ ಫ್ರೆಂಚಿನ ಪದ ಹಿಡಿಯುವುದು. ಹಿಡಿದ ಮೇಲೆ ಚೀಟಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಫ್ರೆಂಚಿನಲ್ಲಿ ಬರೆಯುತ್ತಿದ್ದಳು. ಬಸ್ಸು ಹತ್ತುವುದು, ಬಸ್ಸು ಇಳಿಯುವುದನ್ನೆಲ್ಲ ನಾನು ವರಾಂಡದ ಮೆಟ್ಟಿಲಲ್ಲೇ ಮಾಡಿ ತೋರಿಸಿದ್ದರಿಂದ ರಸ್ತೆಯಲ್ಲಿ ಸ್ಕೂಟರುಗಳು ನಿಧಾನವಾಗುತ್ತಿದ್ದವು. ಮೂರು ಭಾಷೆಯ ಚೀಟಿಗಳು ನೋಡಿ ಸ್ವಾಮಿ! ಇಂಥ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ನಪಾಸಾದ ಮೈಸೂರಿನ ಹೆಂಗಸೊಬ್ಬಳು ಫ್ರೆಂಚ್ ಮಾತಾಡುವವರಿಗೆ ಇಂಗ್ಲಿಷ್ ಪದ ಬಿಡಿಸಿ ಹೇಳುತ್ತಿದ್ದಾಳೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅರ್ಧ ಚೀಟಿ ಮುಗಿದಿತ್ತು. ಆಗ ನಂಜನಗೂಡಿನಲ್ಲಿ ಅಕ್ಕ ಜಾರಿಬಿದ್ದು ಕೈ ಮುರಿದುಕೊಂಡಳು. ನಾನು ಹತ್ತು ದಿನ ಹೋಗಲೇಬೇಕಾಯಿತು. ತಂತಿಯನ್ನು ಅಫಿಯ ಕೈಗೆ ಕೊಟ್ಟು, “ಉಳಿದದ್ದನ್ನ ನೀನೇ ಓದಿಕೊ, ಅರ್ಥ ಎಲ್ಲ ಬರೆದಿದೆ, ತಿಳಿಯದಿದ್ದರೆ ಫೋನ್ ಮಾಡು” ಎಂದು ಹೊರಟೆ. ಅವಳು ಫೋನ್ ಮಾಡಲಿಲ್ಲ. ಎಲ್ಲ ತಿಳಿಯುತ್ತಿದೆ ಎಂದುಕೊಂಡೆ.

ಪರೀಕ್ಷೆಯ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅಫಿ ತಂತಿ ಹಿಡಿದುಕೊಂಡೇ ಕೆಳಗಿಳಿದು ಬಂದಳು. ಮುಖದಲ್ಲಿ ಎಂಥ ಕಳೆ ಅಂತೀರಿ.

“ಮುಗೀತು ಅಮ್ಮಾ. ಹಳದಿ ಹಚ್ಚಿದ್ದನ್ನೆಲ್ಲ ಬಾಯಿಪಾಠ ಮಾಡಿದೆ.”

“ಹಳದಿ?”

“ನೀವು ಮುಖ್ಯವಾದದ್ದಕ್ಕೆ ಮೂಲೆಯಲ್ಲಿ ಹಳದಿ ಗುರುತು ಹಾಕಿದ್ದೀರಲ್ಲ. ಟೈಮ್ ಕಮ್ಮಿ ಇತ್ತು. ಅದಕ್ಕೇ ಬಿಳಿಯದನ್ನ ಬಿಟ್ಟೆ.”

ಮದುವೆ ಪತ್ರಿಕೆಯ ಅರಿಶಿನ! ಎಂಟರಲ್ಲಿ ಎರಡಕ್ಕೆ ಮಾತ್ರ ಇರುವ ಅರಿಶಿನ! ಯಾರದೋ ಸೋದರತ್ತೆ ಪತ್ರಿಕೆ ಹಂಚುವಾಗ ಹಚ್ಚಿದ ಬೆರಳಿನ ಗುರುತನ್ನು ನಂಬಿ ಈ ಮಗು ನಾನು ಓದಿಕೊ ಎಂದು ಬಿಟ್ಟುಹೋದದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟು ಕೂತಿದೆ. ನಾವು ಹುಟ್ಟಿದಾಗಿನಿಂದ ನೋಡಿದ್ದನ್ನು ಜಗತ್ತೆಲ್ಲ ನೋಡಿರುತ್ತದೆ ಎಂದುಕೊಂಡ ನನ್ನ ದಡ್ಡತನಕ್ಕೆ ಏನು ಹೇಳಲಿ? ಒಂದು ಮಾತು ಹೇಳಿ ಹೋಗಿದ್ದರೆ ಸಾಕಾಗಿತ್ತು.

“ಒಳ್ಳೇದಾಯ್ತು, ಬಂದೆ ಇರು,” ಎಂದು ಅಡುಗೆಮನೆಗೆ ಓಡಿದೆ. ನಮ್ಮ ಮನೆಯವರು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

“ರೀ, ಮುಳುಗ್ತು. ಹುಡುಗಿ ಅರಿಶಿನ ಇರೋದಷ್ಟೇ ಓದಿದಾಳೆ.”

“ಅರಿಶಿನ ತಾನೇ, ಶುಭವೇ ಆಗುತ್ತೆ.”

“ತಮಾಷೆ ಮಾಡ್ಬೇಡಿ. ಈಗ್ಲೇ ಹೋಗಿ ನಿಜ ಹೇಳ್ಬುಡ್ತೀನಿ.”

ಅವರು ಸೊಪ್ಪು ಕೆಳಗಿಟ್ಟರು. “ಈಗ ಹೇಳಿದ್ರೆ ಓದಿರೋದೂ ಮರ್ತೋಗ್ತಾಳೆ ಕಣೆ. ಚೀಟಿ ಅಲ್ಲೇ ಇರ್ಲಿ. ಊಟಕ್ಕೆ ಕರಿ. ಬಿಳೀದನ್ನೆಲ್ಲ ಬಾಯಲ್ಲಿ ಬಡ್ಸೋಣ.”

ಉಪಾಯ ಅವರದ್ದೇ. ಇದನ್ನು ಇವತ್ತೇ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ನನಗೆ ಆ ಚೀಟಿಗಳು ಕಣ್ಣು ಮುಚ್ಚಿದರೂ ಕಾಣುತ್ತವೆ. ಯಾವುದಕ್ಕೆ ಅರಿಶಿನ ಇಲ್ಲ ಎಂದೂ ಬಹುಮಟ್ಟಿಗೆ ಗೊತ್ತು. ಎಲೆ ಹಾಕಿ ಕೂರಿಸಿದೆ. “ಅಫಿ, ಗೆಟ್ ದಿ ಮಜ್ಜಿಗೆ ಫ್ರಮ್ ದಿ ಫ್ರಿಜ್.” ತಂದಳು. “ಸಿಟ್, ದಿ ಸಾರು ಈಸ್ ಗೆಟಿಂಗ್ ಕೋಲ್ಡ್.” ಕೂತಳು. “ಹೌ ಡು ಯು ಗೆಟ್ ಆನ್ ವಿತ್ ಯುವರ್ ಕ್ಲಾಸ್‌ಮೇಟ್ಸ್?” ಹುಡುಗಿ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಕನ್ನಡದಲ್ಲೇ ಬಡಿಸಿ ಕನ್ನಡದಲ್ಲೇ ಗದರುವ ಹೆಂಗಸಿಗೆ ಇವತ್ತೇನಾಯಿತು ಎಂದುಕೊಂಡಿರಬೇಕು.

ನಮ್ಮ ಮನೆಯವರ ಇಂಗ್ಲಿಷೆಲ್ಲ ಗೇಟ್ ಪಾಸು, ಇನ್‌ವಾಯ್ಸು, ಶಾರ್ಟೇಜು. ಅವರೂ ಪಂಚೆ ಸರಿಮಾಡಿಕೊಂಡು ರಣರಂಗಕ್ಕೆ ಇಳಿದರು. “ಐ ಗಾಟ್ ರಿಟೈರ್ಡ್. ದೆನ್ ಶಿ ಗಾಟ್ ಮಿ ಟು ವಾಶ್ ದಿ ವೆಸೆಲ್ಸ್. ನೌ ಐ ಆ್ಯಮ್ ಗೆಟಿಂಗ್ ಓಲ್ಡ್, ಬಟ್ ಶಿ ಈಸ್ ನಾಟ್ ಗೆಟಿಂಗ್ ಟೈರ್ಡ್.” ನಾನು ಸೌಟು ಹಿಡಿದು ಬೆರಗಾಗಿ ನಿಂತೆ. ‘ಬೇರೆಯವರ ಕೈಲಿ ಮಾಡಿಸು’ ಎನ್ನುವುದಕ್ಕೆ ನಾನು ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ. ಅಫಿ ಎಲೆಯ ಮೇಲೇ ಬಗ್ಗಿ ನಕ್ಕಳು. ನಕ್ಕ ಮೇಲೆ ಅವಳೂ ಶುರು ಮಾಡಿದಳು. ನಾನು ಒಂದು ಎಸೆದರೆ ಅವಳೊಂದು. ಕೈ ತೊಳೆಯುವ ಹೊತ್ತಿಗೆ ಬಿಳಿ ಚೀಟಿಗಳಲ್ಲಿ ಬಹುಪಾಲು ನಮ್ಮ ಬಾಯಿ ದಾಟಿ ಹೋಗಿದ್ದವು. ಹುಡುಗಿ ಮೂರು ಸಲ ಬಡಿಸಿಕೊಂಡಿದ್ದಳು, ಮಾತು ನಿಲ್ಲಬಾರದಲ್ಲ.

ಮಾರನೆಯ ದಿನ ಬರೆಯುವ ಪರೀಕ್ಷೆಯ ಜೊತೆಗೆ ಮಾತಿನ ಪರೀಕ್ಷೆಯೂ ಇತ್ತು. ನಿನ್ನೆ ಸಂಜೆ ಏನು ಮಾಡಿದೆ ಹೇಳು ಎಂದರಂತೆ. ಅವಳು ನಮ್ಮ ಊಟದ ಕಥೆಯನ್ನು ಮಜ್ಜಿಗೆಯಿಂದ ಹಿಡಿದು ಪಾತ್ರೆ ತೊಳೆಯುವ ಯಜಮಾನರವರೆಗೂ ಹೇಳಿದಳಂತೆ. ಪರೀಕ್ಷೆ ಮಾಡುವವರು ಪೆನ್ನು ಕೆಳಗಿಟ್ಟು ಕೇಳಿದರಂತೆ.

ಫಲಿತಾಂಶ ಬಂದದ್ದು ಒಂದು ಶುಕ್ರವಾರ. ನಾನು ಗೇಟಿನ ಹತ್ತಿರ ಹೂವು ಕೊಳ್ಳುತ್ತಿದ್ದೆ. ಅವಳು ರಸ್ತೆಯ ತಿರುವಿನಲ್ಲಿ ಬಸ್ಸಿಳಿದು ನಡೆದೇ ಬಂದಳು, ಓಡಲಿಲ್ಲ. ನನ್ನ ಮುಂದೆ ನಿಂತು ಒಂದೇ ವಾಕ್ಯ ಹೇಳಿದಳು.

“ಅಮ್ಮಾ, ಐ ಗಾಟ್ ತ್ರೂ.”

ಈ ಸಲ ನನಗೆ ಡಿಕ್ಷನರಿ ಬೇಕಾಗಲಿಲ್ಲ. ಹೂವಿನವಳ ಮುಂದೆಯೇ ಅತ್ತುಬಿಟ್ಟೆ. ನಮ್ಮಪ್ಪ ಇರಬೇಕಿತ್ತು ಎನ್ನಿಸಿತು. ಇದ್ದಿದ್ದರೆ ಪೇಟ ಸುತ್ತಿಕೊಂಡು ಬಂದು ಇವಳಿಗೂ “ಬಹಳ ಉಪಕಾರವಮ್ಮ” ಅಂತಿದ್ದರು.

ಎರಡು ದಿನ ಬಿಟ್ಟು ಅಫಿ ತಂತಿ ವಾಪಸು ತಂದಳು. ನೋಡಿದರೆ ಚೀಟಿಗಳ ಮೂಲೆಗಳೆಲ್ಲ ಹಸಿ ಹಸಿ ಹಳದಿ. ಮೇಲೆ ಬಿಳಿಯ ಚೀಟಿ ಒಂದೂ ಕಾಣಲಿಲ್ಲ. ಅವಳ ಬೆರಳೂ ಹಳದಿ, ಕುರ್ತಾದ ತೋಳೂ ಹಳದಿ.

“ಪರೀಕ್ಷೇಲಿ ಬಿಳಿಯದೂ ಬಂತು ಅಮ್ಮಾ. ನೀವು ಅದಕ್ಕೆ ಹಳದಿ ಹಚ್ಚೋದು ಮರೆತಿದ್ರಿ. ನಾನು ಹಚ್ಚಿದೆ.”

“ಹೌದು ಕಣಮ್ಮ, ಮರ್ತಿದ್ದೆ,” ಎಂದೆ. ಇಡೀ ಸಂಗತಿಯಲ್ಲಿ ನಾನು ಅಫಿಗೆ ಹೇಳಿದ ಸುಳ್ಳು ಅದೊಂದೇ, ಮತ್ತು ಅದಕ್ಕಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಬುಡದ ಒಂದು ಚೀಟಿಗೆ ಮಾತ್ರ ಅವಳು ಕೈ ಹಚ್ಚಿರಲಿಲ್ಲ. “ಅದು ನಿಮ್ಮದು. ನೀವೇ ಹಚ್ಚಬೇಕು,” ಅಂದಳು. ಆಗಲಿ, ಆಮೇಲೆ ನೋಡೋಣ ಎಂದೆ. ನಪಾಸಾದ ಚೀಟಿಗೆ ಯಾರಾದರೂ ಅರಿಶಿನ ಹಚ್ಚುತ್ತಾರೆಯೇ? ತಂತಿಯನ್ನು ಮೊಳೆಗೆ ತೂಗುಹಾಕಿದೆ. ಅವಳು ಎಂ.ಎಸ್ಸಿ. ಮುಗಿಸಿ, ಮಾರುಕಟ್ಟೆಯಿಂದ ಅರ್ಧ ಕೆಜಿ ಅರಿಶಿನ ಕಟ್ಟಿಸಿಕೊಂಡು ಊರಿಗೆ ಹೋದಳು. ಆ ಚೀಟಿ ಹಾಗೆಯೇ ಉಳಿಯಿತು.

ಮೊನ್ನೆ ತಂತಿ ಮೇಜಿನ ಮೇಲೆ ಬಿದ್ದಿತ್ತಲ್ಲ, ಅದರ ಫೋಟೋ ತೆಗೆದು ಅಫಿಗೆ ಕಳಿಸಿದೆ. ಬಣ್ಣದವನು ಇದನ್ನು ಎಸೆಯಬೇಕು ಅಂತಾನೆ ನೋಡು ಎಂದು ಚಾಡಿಯನ್ನೂ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳಿಂದಲೂ ಒಂದು ಫೋಟೋ ಬಂತು. ಟೋಗೊದ ರಾಜಧಾನಿ ಲೋಮೆಯಲ್ಲಿ ಅವಳ ಮನೆಯ ವರಾಂಡ. ಕೆಳಗೆ ಚಾಪೆಯ ಮೇಲೆ ಏಳೆಂಟು ಜನ, ದೊಡ್ಡವರೇ, ಸಂಜೆ ಹೊತ್ತು ಇಂಗ್ಲಿಷ್ ಕಲಿಯಲು ಬರುವವರಂತೆ. ಅವರ ಹಿಂದೆ ಗೋಡೆ, ಗೋಡೆಗೆ ಒಂದು ಮೊಳೆ, ಮೊಳೆಗೆ ತಂತಿ. ತಂತಿಯ ತುಂಬ ಚೀಟಿ, ಚೀಟಿಗಳ ಮೂಲೆಗೆಲ್ಲ ಅರಿಶಿನ. ಫೋಟೋವನ್ನು ದೊಡ್ಡದು ಮಾಡಿ ಬುಡದ ಚೀಟಿ ನೋಡಿದೆ. ಅವಳದೇ ಅಕ್ಷರ: ಐ ಡಿಡ್ ನಾಟ್ ಗೆಟ್ ತ್ರೂ. ಅದಕ್ಕೆ ನಾಲ್ಕು ಮೂಲೆಗೂ ಧಾರಾಳವಾಗಿ ಹಚ್ಚಿದ್ದಳು. ಕೆಳಗೆ ಒಂದು ಸಾಲು, ಕನ್ನಡದಲ್ಲಿ: “ಅಮ್ಮಾ, ನನ್ನದಕ್ಕೆ ಹಚ್ಚಿದೆ. ನಿಮ್ಮದಕ್ಕೆ?”

ಎದ್ದು ದೇವರ ಮನೆಗೆ ಹೋಗಿ ಅರಿಶಿನದ ಬಟ್ಟಲಿಗೆ ನಾಲ್ಕು ಹನಿ ನೀರು ಹಾಕಿಕೊಂಡು ಬಂದೆ. ಬುಡದ ಚೀಟಿಯ ಮೇಲಿನ ಧೂಳು ಸೆರಗಿನಿಂದ ಒರೆಸಿ, ಒಂದು, ಎರಡು, ಮೂರು, ನಾಲ್ಕು ಮೂಲೆಗೂ ಹಚ್ಚಿದೆ. ಏಣಿಯ ಮೇಲಿದ್ದ ನಂಜುಂಡ ಬಗ್ಗಿ ನೋಡುತ್ತಿದ್ದ.

“ಏನಮ್ಮಾವ್ರೇ, ಮನೇಲಿ ಏನಾರ ಶುಭಕಾರ್ಯನಾ?”

“ಹೂಂ ಕಣೋ,” ಎಂದೆ. “ನಾನು ಇಂಗ್ಲಿಷ್‌ನಲ್ಲಿ ನಪಾಸಾಗಿದ್ದೆ.”